ಎರಡನೆಯ ಮೇಜು

ಸನ್ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಈ ತುರ್ತು ಶುಶ್ರೂಷಾ ತರಬೇತಿ ಸಂಸ್ಥೆಯ ಆಡಳಿತ ಮಂಡಳಿಯವರೇ, ಇವತ್ತು ಪ್ರಮಾಣಪತ್ರ ಪಡೆಯಲು ಬಿಳಿ ಕೋಟು ತೊಟ್ಟು ಕೂತಿರುವ ಮಕ್ಕಳೇ, ಅವರ ಫೀಸು ಕಟ್ಟಿ ಸೋತು ಸುಣ್ಣವಾಗಿರುವ ತಂದೆತಾಯಂದಿರೇ, ಸಭಿಕರೇ. ಮತ್ತು ನನ್ನ ಬೆನ್ನ ಹಿಂದೆ ಮೇಜಿನ ಮೇಲೆ ಮಲಗಿರುವವರೇ.

ಸ್ವಾಗತ ಭಾಷಣ ಮಾಡಿದವರು ಈ ಕೊನೆಯವರನ್ನು ಬಿಟ್ಟುಬಿಟ್ಟರು. ತಪ್ಪೇನಿಲ್ಲ, ಅಭ್ಯಾಸಬಲ. ಸ್ವಲ್ಪ ಹೊತ್ತಿನ ಮುಂಚೆ ನಮ್ಮ ಮಕ್ಕಳು ಇಲ್ಲಿ ಪ್ರಾತ್ಯಕ್ಷಿಕೆ ಮಾಡಿದರು, ನೋಡಿದಿರಲ್ಲ? ಅಪಘಾತದಲ್ಲಿ ಕಾಲು ಮುರಿದವರಿಗೆ ದಬ್ಬೆ ಕಟ್ಟುವುದು ಹೇಗೆ ಅಂತ. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿದರು. ನೀವು ಚಪ್ಪಾಳೆ ತಟ್ಟಿದಿರಿ, ಅವರು ಬಗ್ಗಿ ವಂದಿಸಿ ಇಳಿದುಹೋದರು. ಮೇಜುಗಳನ್ನು ವೇದಿಕೆಯ ಹಿಂದಕ್ಕೆ ತಳ್ಳಿದರು. ಕಾಲು ಮುರಿದವಳು ಇನ್ನೂ ಅಲ್ಲೇ ಇದ್ದಾಳೆ. ಕತ್ತಿನವರೆಗೆ ಬಿಳಿ ಹೊದಿಕೆ, ಕಣ್ಣು ಮುಚ್ಚಿದೆ, ಎದೆಯ ಮೇಲೆ ಚೀಟಿ.

ಅದರ ಪಕ್ಕದಲ್ಲಿ ಇನ್ನೊಂದು ಮೇಜಿದೆ. ಅದರ ಮೇಲೆ ಯಾರೂ ಇಲ್ಲ, ಬಿಳಿ ಹೊದಿಕೆ ಮಾತ್ರ ಹಾಸಿದೆ. ಬರುವಾಗ ಅಟೆಂಡರ್ ಅಣ್ಣನನ್ನು ಕೇಳಿದೆ. "ಸುಮ್ನೆ ಅಂದಕ್ಕೆ ಇಟ್ಟಿದ್ದೀವಿ ಮೇಡಂ, ಹಳೇ ಸ್ಟೋರಿಂದ ತಂದಿದ್ದು. ಒಂದೇ ಮೇಜು ಇದ್ರೆ ವೇದಿಕೆ ಬೋಳು ಬೋಳು ಕಾಣತ್ತೆ" ಅಂದ. ನೀವು ಕೊಟ್ಟ ಹೂಗುಚ್ಛವನ್ನು ನಿರೂಪಕಿ ಅದರ ಮೇಲೇ ಇಟ್ಟಿದ್ದಾಳೆ. ಇರಲಿ, ಹೂವು ಅಲ್ಲೇ ಇರಲಿ.

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು 'ಮೇಜಿನಿಂದ ಮೇಲೆದ್ದ ಸಾಧಕಿ' ಎಂದು ಅಚ್ಚು ಹಾಕಿಸಿದ್ದೀರಿ. ಓದಿ ನಕ್ಕೆ. ಮೇಜಿನಿಂದ ಎದ್ದೆನೇ ನಾನು? ಅದನ್ನೇ ಇವತ್ತು ವಿಚಾರ ಮಾಡೋಣ. ಪ್ರಾಂಶುಪಾಲರು ಫೋನಿನಲ್ಲಿ ಹೇಳಿದರು: "ಕಷ್ಟಪಟ್ಟು ದುಡಿದು, ಕೂಡಿಟ್ಟು, ಹೇಗೆ ಕಲಿತಿರಿ ಅಂತ ಹೇಳಿ ಮೇಡಂ. ಮಕ್ಕಳಿಗೆ ಸ್ಫೂರ್ತಿ ಬರ್ಬೇಕು. ಸ್ವಲ್ಪ ಅಳಿಸಿದ್ರೂ ಪರ್ವಾಗಿಲ್ಲ." ಆಗಲಿ ಸಾರ್. ಹೇಳುತ್ತೇನೆ. ಅಳುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ಸಭಿಕರೇ, ಈ ಸಂಸ್ಥೆಯಲ್ಲಿ ಅಂದಿಗೂ ಇಂದಿಗೂ ಎರಡು ತರಹದ ಜನ. ಫೀಸು ಕಟ್ಟಿ ಮೇಜಿನ ಪಕ್ಕದಲ್ಲಿ ನಿಲ್ಲುವವರು ಒಂದು ತರಹ. ಫೀಸು ಕಟ್ಟಲಾಗದೆ ಮೇಜಿನ ಮೇಲೆ ಮಲಗುವವರು ಇನ್ನೊಂದು ತರಹ. ರಬ್ಬರಿನ ಬೊಂಬೆಗಳಿವೆ, ಬಲ್ಲೆ. ಆದರೆ ಬೊಂಬೆ ದುಬಾರಿ. ಹರಿದರೆ ರಿಪೇರಿಗೆ ಕಳಿಸಬೇಕು. ನಾವು ಹರಿದರೆ ನಾವೇ ಹೊಲಿದುಕೊಂಡು ಮರುದಿನ ಬರುತ್ತೇವೆ. ನಮಗೆ 'ಮೇಜಿನವರು' ಅಂತಲೇ ಹೆಸರು. ಬೆಳಗ್ಗೆ ಬಂದ ಕೂಡಲೇ ಎದೆಗೆ ಒಂದು ಚೀಟಿ ಚುಚ್ಚುತ್ತಿದ್ದರು. ಅವತ್ತು ನಮಗೆ ಏನಾಗಿದೆ ಅಂತ ಅದರಲ್ಲಿ ಬರೆದಿರುತ್ತಿತ್ತು. "ಇವತ್ತು ನಿಂಗೇನೇ?" "ನೀರಲ್ಲಿ ಮುಳುಗಿದ್ದು." "ಪುಣ್ಯ ಮಾಡಿದ್ದೀಯ ಕಣೆ, ನಂಗೆ ಸುಟ್ಟಗಾಯ!" ಒಂದೇ ವಾರದಲ್ಲಿ ನಾನು ಬಸ್ಸಿನಡಿಗೆ ಸಿಕ್ಕಿದ್ದೇನೆ, ವಿಷ ಕುಡಿದಿದ್ದೇನೆ, ಅವಳಿ ಮಕ್ಕಳನ್ನು ಹೆತ್ತಿದ್ದೇನೆ. ಆಗ ನನಗೆ ಮದುವೆಯೇ ಆಗಿರಲಿಲ್ಲ!

ನಗಿ, ನಗಿ. ನಾವೂ ನಗುತ್ತಿದ್ದೆವು, ಮೇಜು ಹತ್ತುವ ತನಕ.

ನಮ್ಮಮ್ಮ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಈ ಕೆಲಸದ ಸುದ್ದಿ ಹೇಳಿದಾಗ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಸತ್ತೋರ ಹಾಗೆ ಮಲಗೋಕೆ ದುಡ್ಡು ಕೊಡ್ತಾರಾ? ನಾನು ಬದುಕಿರೋ ಹಾಗೆ ಇಷ್ಟು ವರ್ಷದಿಂದ ನಿಂತಿದ್ದೀನಿ, ನಂಗ್ಯಾರೂ ಕೊಡ್ಲಿಲ್ವಲ್ಲೇ!"

ಅಮ್ಮನಿಗೆ ನಾನು ಪೂರ್ತಿ ಹೇಳಿರಲಿಲ್ಲ. ದುಡ್ಡು ಕೈಗೆ ಕೊಡುತ್ತಿರಲಿಲ್ಲ. ನಮ್ಮ ಕೂಲಿ ನಮ್ಮ ಫೀಸಿಗೇ ಜಮಾ. ಫೀಸು ತುಂಬಿದ ದಿನ ನಾವೂ ಬಿಳಿ ಕೋಟು ತೊಟ್ಟು ಮೇಜಿನ ಪಕ್ಕದಲ್ಲಿ ನಿಲ್ಲಬಹುದು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಪ್ರತಿ ವರ್ಷ ಫೀಸು ಏರುತ್ತಿತ್ತು. ನಾವು ಮಲಗಿದ್ದಲ್ಲೇ ಮಲಗಿದ್ದೆವು, ಫೀಸು ನಡೆಯುತ್ತಿತ್ತು. ಮಲಗಿದವರು ನಡೆಯುವವರನ್ನು ಹಿಡಿಯುವುದು ಯಾವಾಗ? ಹೇಳಿ ಅಧ್ಯಕ್ಷರೇ, ಯಾವಾಗ?

ಅದಕ್ಕೇ ಬೇರೆ ಕಡೆಯೂ ದುಡಿಯುತ್ತಿದ್ದೆವು. ಹೊಟ್ಟೆಬಟ್ಟೆ ಕಟ್ಟಿ ಎನ್ನುತ್ತಾರಲ್ಲ, ಹಾಗೆ. ನಾನು ಅಮ್ಮನ ಜೊತೆ ಇಸ್ತ್ರಿಗೆ ನಿಲ್ಲುತ್ತಿದ್ದೆ. ಅಕ್ಕ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ, ಅಲ್ಲಿಂದ ಓಡೋಡಿ ಬಂದು ಮೇಜು ಹತ್ತುತ್ತಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಎರಡನೆಯ ಮೇಜಿನವಳು. ನಾನು ಮೊದಲನೆಯದರ ಮೇಲೆ, ಅವಳು ಎರಡನೆಯದರ ಮೇಲೆ. ನನಗಿಂತ ಬಹಳ ಮುಂಚೆ ಬಂದವಳು, ಹಾಗಾಗಿ ಎಲ್ಲರಿಗೂ ಅಕ್ಕ. ಪಾತ್ರೆ ತಿಕ್ಕುವ ಸೋಡಾಪುಡಿಗೆ ಅವಳ ಬೆರಳ ತುದಿಯ ಚರ್ಮ ಸದಾ ಸುಲಿದಿರುತ್ತಿತ್ತು. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಹೊಸದು ಕೊಳ್ಳುವುದೆಲ್ಲಿಂದ? ಬ್ಯಾಂಡೇಜು ಬಟ್ಟೆಯ ಚೂರಿನಿಂದ ಕಟ್ಟಿಕೊಂಡಿದ್ದಳು. ಅವಳು ಬರುವುದು ದೂರದಿಂದಲೇ ಕೇಳುತ್ತಿತ್ತು. ಒಂದು ಕಾಲು ಟಪ್ ಅನ್ನುತ್ತಿತ್ತು, ಇನ್ನೊಂದು ಸರ್ರ್ ಎಂದು ನೆಲ ಎಳೆಯುತ್ತಿತ್ತು. ಟಪ್, ಸರ್ರ್. ಟಪ್, ಸರ್ರ್. ಈ ಸದ್ದು ನೆನಪಿಟ್ಟುಕೊಳ್ಳಿ ಸಭಿಕರೇ.

ಮಲಗುವುದನ್ನು ನನಗೆ ಕಲಿಸಿದವಳು ಅವಳೇ. "ನಿದ್ದೆ ಮಾಡ್ಬೇಡ ಕಣೆ, ಗೊರಕೆ ಹೊಡೆದ್ರೆ ಕೂಲಿ ಕಟ್. ಎಚ್ಚರಾನೂ ಇರ್ಬೇಡ, ಮೂಗು ತುರಿಸ್ಬೇಕು ಅನ್ಸತ್ತೆ. ನಡುವೆ ಒಂದು ಜಾಗ ಇದೆ. ಅಲ್ಲಿ ಹೋಗಿ ಕೂತ್ಕೋ."

"ಅಲ್ಲೇನಿದೆ ಅಕ್ಕಾ?"

"ಏನಿಲ್ಲ. ತಣ್ಣಗಿದೆ. ಆದ್ರೆ ಅಲ್ಲಿಂದ ವಾಪಸ್ ಬರೋ ದಾರಿ ನಮಗೆ ಕಾಣಲ್ಲ. ಯಾರಾದ್ರೂ ಕರೆದ್ರೆ ಮಾತ್ರ ಕಾಣತ್ತೆ."

ಕರೆಯುವುದಕ್ಕೂ ಇಲ್ಲಿ ಒಂದು ನಿಯಮವಿತ್ತು. ಕಣ್ಣು ಮುಚ್ಚಿ ಮಲಗಿದವರಿಗೆ ಪಾಠ ಮುಗಿಯಿತೋ ಇಲ್ಲವೋ ತಿಳಿಯುವುದು ಹೇಗೆ? ಅರ್ಧ ಕಟ್ಟಿದ ಪಟ್ಟಿ ಬಿಚ್ಚಿಕೊಂಡು ಎದ್ದರೆ ಪಾಠ ಹಾಳು. ಆದ್ದರಿಂದ ಯಾರು ನಮ್ಮ ಮೇಲೆ ಅಭ್ಯಾಸ ಮಾಡಿದರೋ ಅವರೇ ನಮ್ಮ ಭುಜ ಮುಟ್ಟಿ, "ಆಯ್ತು, ಏಳಿ" ಎನ್ನಬೇಕು. ಆಗ ಏಳಬೇಕು. ಬೇರೆ ಯಾರು ಹೇಳಿದರೂ ಲೆಕ್ಕಕ್ಕಿಲ್ಲ. ಒಬ್ಬ ಮೇಜಿನವಳು ಇನ್ನೊಬ್ಬ ಮೇಜಿನವಳಿಗೆ ಹೇಳುವ ಹಾಗಂತೂ ಇಲ್ಲವೇ ಇಲ್ಲ. ಅವರು ಹೇಳುವ ಮುಂಚೆ ಎದ್ದರೆ ಆ ವಾರದ ಕೂಲಿಯೆಲ್ಲ ಹೋಯಿತು. ಇವತ್ತಿಗೂ ಇದೇ ನಿಯಮ ಅಲ್ಲವೇ ಪ್ರಾಂಶುಪಾಲರೇ? ತಲೆ ಆಡಿಸುತ್ತಿದ್ದಾರೆ. ಹೌದಂತೆ.

ಅಕ್ಕನ ಫೀಸು ತುಂಬುವ ವಾರ ಬಂತು. ಅಷ್ಟು ವರ್ಷ ನಡೆದ ಫೀಸನ್ನು ಅವಳು ಕೊನೆಗೂ ಹಿಡಿದಿದ್ದಳು. "ಈ ಒಂದು ವಾರ ಮಲಗಿಬಿಟ್ರೆ ಮುಗೀತು ಕಣೆ. ಮುಂದಿನ ತಂಡದಲ್ಲಿ ನಾನು ನಿಂತಿರ್ತೀನಿ, ನೀನು ಮಲಗಿರ್ತೀಯ. ನಿನ್ನ ಕಾಲಿಗೆ ನಾನೇ ದಬ್ಬೆ ಕಟ್ತೀನಿ. ಬಿಗಿಯಾಗಿ ಕಟ್ತೀನಿ, ಕಿರುಚಬಾರ್ದು!" ಅವಳಿಗೆ ಆಂಬುಲೆನ್ಸಿನ ಹಿಂದುಗಡೆ ಕೂತು ಹೋಗಬೇಕೆಂಬ ಹುಚ್ಚು. ಅವತ್ತು ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು. ರಜೆ ಹಾಕಕ್ಕಾ ಅಂದೆ. ಈ ವಾರವೇ ರಜೆಯೇ ಎಂದು ನಕ್ಕಳು.

ಪಾಠ ಮುಗಿಯಿತು. ನನ್ನ ಮೇಲೆ ಅಭ್ಯಾಸ ಮಾಡಿದ ಹುಡುಗಿ "ಆಯ್ತು, ಏಳಿ" ಅಂದಳು, ಎದ್ದೆ. ಅಕ್ಕನ ಮೇಲೆ ಅಭ್ಯಾಸ ಮಾಡಿದವನು ಒಬ್ಬ ಹುಡುಗ. ಚುರುಕು, ಬುದ್ಧಿವಂತ, ತರಗತಿಗೆ ಮೊದಲಿಗ. ಹೊರಗೆ ಅವನ ತಂದೆಯ ಕಾರು ಹಾರ್ನ್ ಹೊಡೆಯಿತು. ಕೈಗವಸು ಕಳಚಿ ಬಕೆಟ್ಟಿಗೆ ಎಸೆದು ಓಡಿದ. ಹೇಳಲಿಲ್ಲ.

ನಾನು ಅವಳ ಹತ್ತಿರ ನಿಂತೆ. "ಅಕ್ಕಾ, ಎಲ್ಲಾ ಹೋದ್ರು. ಬಾ." ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು. "ನೀನು ಹೇಳಿದ್ರೆ ಆಗಲ್ಲ. ಆ ಹುಡುಗ ಮರೆತಿದ್ದಾನೆ. ಬರ್ತಾನೆ. ನೀನು ಹೋಗು, ನಿಂದೂ ಕೂಲಿ ಹೋಗತ್ತೆ."

ಆಫೀಸಿಗೆ ಓಡಿದೆ. ಗುಮಾಸ್ತರಿಗೆ ಹೇಳಿದೆ, ಸಾರ್, ಅಕ್ಕ ಇನ್ನೂ ಮಲಗಿದ್ದಾಳೆ, ಜ್ವರ ಬೇರೆ ಇದೆ, ಆ ಹುಡುಗನನ್ನು ಕರೆಸಿ ಅಂತ. ಅವರು ಪಕ್ಕದವರ ಮುಖ ನೋಡಿ ನಕ್ಕರು. "ಮಲಗೋದೇ ಅವಳ ಕೆಲ್ಸ ಅಲ್ವೇನಮ್ಮ?" ಕಾವಲಿನವನು ಬಂದು ನನ್ನನ್ನು ಗೇಟಿನಾಚೆಗೆ ದಬ್ಬಿದ. ಪಾಠದ ಕೋಣೆಯ ಏಸಿ ಚಾಲೂ ಇತ್ತು. ಬಾಗಿಲಿಗೆ ಬೀಗ ಬಿತ್ತು.

ಮರುದಿನ ಬೆಳಗ್ಗೆ ನಾವು ಬಂದಾಗ ಅಕ್ಕ ಆಗಲೇ ಮೇಜಿನ ಮೇಲಿದ್ದಳು. ಹೊದಿಕೆ ಕತ್ತಿನವರೆಗೆ. ಅವಳ ಹತ್ತಿರ ಹೋಗಲು ನನ್ನನ್ನು ಬಿಡಲಿಲ್ಲ, ಪಾಠಕ್ಕೆ ಹೊತ್ತಾಗಿದೆ, ಹತ್ತು ಮೇಜು ಎಂದರು. ಕಲಿಸುವ ಸಾರ್ ಬಂದರು. "ನೋಡ್ರಯ್ಯ, ಶ್ರದ್ಧೆ ಅಂದ್ರೆ ಇದು! ಎಲ್ಲರಿಗಿಂತ ಮುಂಚೆ ಬಂದು ಮಲಗಿದ್ದಾಳೆ." ಅವತ್ತಿನ ಪಾಠ ನಾಡಿ ನೋಡುವುದು. ನಾನು ಕಣ್ಣು ಮುಚ್ಚಿ ಮೊದಲನೆಯ ಮೇಜಿನ ಮೇಲೆ ಮಲಗಿದ್ದೆ. ಪಕ್ಕದಲ್ಲಿ ಒಬ್ಬೊಬ್ಬರೇ ಬಂದು ಅಕ್ಕನ ಮಣಿಕಟ್ಟು ಹಿಡಿಯುತ್ತಿದ್ದರು.

"ಎಪ್ಪತ್ತೆರಡು ಸಾರ್."

"ಗುಡ್. ನೆಕ್ಸ್ಟ್."

"ಎಪ್ಪತ್ತು ಸಾರ್."

"ಗುಡ್."

ಒಬ್ಬ ತಡೆದ. "ಸಾರ್... ಸಿಗ್ತಿಲ್ಲ."

"ಬೆರಳು ಸರಿಯಾಗಿ ಇಡೋ."

"ಕೈ ತುಂಬಾ ತಣ್ಣಗಿದೆ ಸಾರ್."

"ಏಸಿ ರೂಮಲ್ಲಿ ಬಿಸಿ ಇರತ್ತೇನೋ? ಅಪ್ಪ ಅಷ್ಟು ಫೀಸು ಕಟ್ಟಿದ್ದಾರೆ, ಒಂದು ನಾಡಿ ಸಿಗಲ್ವಾ ನಿಂಗೆ?"

ಆಮೇಲೆ ಅವನೂ ಹೇಳಿದ. "ಎಪ್ಪತ್ತೆರಡು ಸಾರ್."

"ಹಾಂ. ಹಾಗೆ ಬಾ ದಾರಿಗೆ."

ಆ ಮೇಜಿಗೆ ಬಂದವರೆಲ್ಲ ಸಭಿಕರೇ, ಬಂದವರೆಲ್ಲ! ಸತ್ತವಳ ಕೈ ಹಿಡಿದು ಜೀವದ ಲೆಕ್ಕ ಕೊಟ್ಟರು. ಎಲ್ಲರಿಗೂ ಪೂರ್ತಿ ಅಂಕ. ಪಾಠ ಮುಗಿದ ಮೇಲೆ ಸಾಲಾಗಿ "ಆಯ್ತು, ಏಳಿ", "ಆಯ್ತು, ಏಳಿ" ಎಂದು ಕೇಳಿಸಿತು. ನಾವೆಲ್ಲ ಎದ್ದೆವು. ಅಕ್ಕ ಏಳಲಿಲ್ಲ. ಅವತ್ತು ಅವಳಿಗೆ ಹೇಳಿದವನು ಬೇರೆ ಹುಡುಗ. ಹಿಂದಿನ ದಿನದವನು ಆವತ್ತು ಕಿಟಕಿಯ ಹತ್ತಿರ ಬೇರೆ ಮೇಜಿನಲ್ಲಿದ್ದ. ಅವಳನ್ನು ಕಟ್ಟಿಹಾಕಿದ ಗಂಟೇ ಬೇರೆ, ಇವನು ಬಿಚ್ಚಿದ ಗಂಟೇ ಬೇರೆ.

ಹೃದಯ ದುರ್ಬಲವಾಗಿತ್ತು ಎಂದರು. ಅವಳ ಫೀಸಿನ ಗತಿಯೇನು ಎಂದು ಕೇಳಿದೆ. ಬಿಟ್ಟುಹೋದ ಅಭ್ಯರ್ಥಿಗೆ ಹಣ ವಾಪಸಿಲ್ಲ ಎಂದು ನಿಯಮ ತೋರಿಸಿದರು. ಬಿಟ್ಟುಹೋದವಳು! ಯಾರು ಬಿಟ್ಟುಹೋದದ್ದು? ಮೇಜು ಬಿಟ್ಟು ಒಂದು ಬೆರಳು ಅಲುಗಿಸದವಳನ್ನು ಬಿಟ್ಟುಹೋದವಳು ಎನ್ನಲು ನಾಲಿಗೆ ಹೇಗೆ ಹೊರಳಿತು? ನಾನೂ ಬಿಡುವಂತಿರಲಿಲ್ಲ. ಬಿಟ್ಟರೆ ನನ್ನದೂ ವಾಪಸಿಲ್ಲ. ಇದಕ್ಕೆ ಇಲ್ಲಿ ವಿದ್ಯಾರ್ಜನೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಬೋನು ಎನ್ನುತ್ತೇವೆ.

ಎರಡನೆಯ ಮೇಜಿನ ಮೇಲೆ ಮಲಗಲು ಯಾರೂ ಒಪ್ಪಲಿಲ್ಲ. ನನಗೆ ಕೊಟ್ಟರು. ಬೇರೆ ಯಾವ ಮೇಜಾದರೂ ಮಲಗಿದ ಸ್ವಲ್ಪ ಹೊತ್ತಿಗೆ ಬೆನ್ನಿನ ಕೆಳಗೆ ಬೆಚ್ಚಗಾಗುತ್ತದೆ. ಅದು ಆಗುತ್ತಿರಲಿಲ್ಲ. ಎಷ್ಟು ಮಲಗಿದರೂ ನನ್ನ ಮೈಬಿಸಿ ಅದಕ್ಕೆ ಹತ್ತುತ್ತಿರಲಿಲ್ಲ, ನಡುವೆ ಇನ್ನೊಂದು ಬೆನ್ನು ಇದ್ದ ಹಾಗೆ. ಪಾಠ ಮುಗಿದು "ಆಯ್ತು, ಏಳಿ" ಎಂದು ನನಗೆ ಹೇಳಿದಾಗಲೆಲ್ಲ, ಪ್ರತಿ ಸಲ, ನನ್ನ ಕಿವಿಯ ಪಕ್ಕದಲ್ಲಿ ಒಂದು ಮೆಲುದನಿ ಕೇಳುತ್ತಿತ್ತು.

"ನಂಗಾ?"

ಇಲ್ಲಕ್ಕಾ, ನಂಗೆ, ಎಂದು ಮನಸ್ಸಿನಲ್ಲೇ ಹೇಳಿ ಎದ್ದುಬರುತ್ತಿದ್ದೆ. ನನ್ನ ಫೀಸು ತುಂಬುವವರೆಗೂ ಹಾಗೆಯೇ ಎದ್ದೆ.

ಆಮೇಲೆ ಆಂಬುಲೆನ್ಸಿನ ಹಿಂದುಗಡೆ ಕೂತು ತಲೆ ನರೆಯಿತು. ನೀವು ನನಗೆ ಕೊಟ್ಟ ಸನ್ಮಾನ ಫಲಕದಲ್ಲಿ ಬರೆದಿರುವುದು ಆ ಕಥೆ. ಬರೆಯದೆ ಇರುವುದನ್ನು ಹೇಳುತ್ತೇನೆ. ದಾರಿಯಲ್ಲಿ ಪ್ರಾಣ ಹೋದವರ ಭುಜ ಮುಟ್ಟಿ ನಾನು "ಆಯ್ತು, ಏಳಿ" ಎನ್ನುತ್ತೇನೆ. ಡ್ರೈವರುಗಳು ಮೊದಮೊದಲು ಹೆದರುತ್ತಿದ್ದರು. ಯಾರೂ ಎದ್ದು ಕೂತಿಲ್ಲ, ಗಾಬರಿ ಬೇಡ. ಆದರೆ ಹೇಳಿದ ಮೇಲೆ ಅವರ ಮುಖ ಸಡಿಲವಾಗುತ್ತದೆ. ಇನ್ನೊಂದು ಮಾತು, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನನ್ನ ಮಗಳು ಅಲ್ಲಿ ಕೂತಿದ್ದಾಳೆ, ಅವಳಿಗೆ ಗೊತ್ತು. ಬೆಳಗ್ಗೆ ಎಚ್ಚರವಾದರೂ ನನಗೆ ಏಳಲಾಗುವುದಿಲ್ಲ. ಕೈಕಾಲು ನನ್ನವೆನಿಸುವುದಿಲ್ಲ. ಅವಳು ಶಾಲೆಗೆ ಹೋಗುವ ಕಾಲದಿಂದಲೂ ಬಂದು ಭುಜ ಮುಟ್ಟಿ, "ಆಯ್ತಮ್ಮ, ಏಳು" ಎನ್ನಬೇಕು. ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆ ಫೋನ್ ಮಾಡಿ ಹೇಳುತ್ತಾಳೆ. ಸಾಧಕಿ, ಮೇಜಿನಿಂದ ಮೇಲೆದ್ದವಳು! ಎದ್ದಿದ್ದೇನೆಯೇ, ನೀವೇ ಹೇಳಿ.

ಮುಂದಿನ ಸಾಲಿನವರು ನನ್ನನ್ನು ನೋಡುತ್ತಿಲ್ಲ. ಗಮನಿಸಿದೆ. ನನ್ನ ಹಿಂದೆ ನೋಡುತ್ತಿದ್ದೀರಿ. ಹೂಗುಚ್ಛ ಅಲ್ಲವೇ? ಏರುತ್ತಿದೆ, ಇಳಿಯುತ್ತಿದೆ. ಏರುತ್ತಿದೆ, ಇಳಿಯುತ್ತಿದೆ. ನಾನೂ ಆಗಲೇ ನೋಡಿದೆ. ಫ್ಯಾನಿನ ಗಾಳಿ ಎನ್ನುತ್ತಿದ್ದಾರೆ ಪ್ರಾಂಶುಪಾಲರು. ಫ್ಯಾನ್ ಆರಿಸಿ ನೋಡೋಣ. ಆರಿಸಿ ಅಣ್ಣ.

ಸರಿ. ಫ್ಯಾನ್ ನಿಂತಿದೆ.

ಮೊದಲು ಬದುಕಿರುವವಳ ಕೆಲಸ ಮುಗಿಸೋಣ. ಈ ಹುಡುಗಿಗೆ ದಬ್ಬೆ ಕಟ್ಟಿದವರು ಯಾರು? ಮೂರನೆಯ ಸಾಲಿನಲ್ಲಿ ಕೂತಿದ್ದೀಯಲ್ಲ ಮಗು, ಬಾ. ನಾಚಿಕೆ ಯಾಕೆ? ಮರೆತೆ, ಅಷ್ಟೇ. ಮರೆಯುವುದನ್ನೂ ಇಲ್ಲೇ ಕಲಿಸುತ್ತಾರೆ. ಮೇಲೆ ಬಾ. ಭುಜ ಮುಟ್ಟು. ಹೇಳು.

ಎದ್ದಳು ನೋಡಿ! ನೀರು ಕೊಡಿ ಅವಳಿಗೆ. ಕಾಲು ಜೋಮು ಹಿಡಿದಿರುತ್ತದೆ, ಮೆಲ್ಲಗೆ ಮಗಳೇ, ಮೆಲ್ಲಗೆ. ಏನಂದೆ? ಜೋರಾಗಿ ಹೇಳಮ್ಮ, ಹೆದರಬೇಡ.

ಸಭಿಕರೇ, ಈ ಹುಡುಗಿ ಕೇಳುತ್ತಿದ್ದಾಳೆ: "ಪಕ್ಕದ ಅಕ್ಕನ್ನ ಎಬ್ಬಿಸಲ್ವಾ?"

ನಾನು ಹೇಳಿಕೊಟ್ಟದ್ದಲ್ಲ. ಇವಳ ಮುಖವನ್ನು ನಾನು ನೋಡಿದ್ದೇ ಇವತ್ತು. ಏನು ಕೇಳಿಸಿತಮ್ಮ ನಿನಗೆ? ಆ ಮೇಜಿನಿಂದ ಯಾರೋ "ನಂಗಾ?" ಅಂದರಂತೆ.

ಅಧ್ಯಕ್ಷರೇ, ಕೂತುಕೊಳ್ಳಿ. ನೀವು ಹೊರಗೆ ಹೋಗುವ ಹಾಗಿಲ್ಲ. ಇವತ್ತು ಹೊರಗೆ ನಿಮ್ಮ ತಂದೆಯ ಕಾರು ಹಾರ್ನ್ ಹೊಡೆಯುತ್ತಿಲ್ಲ.

ಹೌದು ಸಭಿಕರೇ. ತರಗತಿಗೆ ಮೊದಲಿಗ ಅಂದೆನಲ್ಲ, ಇವರೇ. ಇವತ್ತು ದೊಡ್ಡ ಆಸ್ಪತ್ರೆ ಕಟ್ಟಿದ್ದಾರೆ, ಈ ಸಂಸ್ಥೆ ನಡೆಸುತ್ತಿದ್ದಾರೆ, ಫೀಸು ಏರಿಸುವ ಕಾಗದಕ್ಕೆ ಸಹಿ ಇವರದೇ. ಇವರು ಕ್ಷಮೆ ಕೇಳಲಿ ಎಂದು ನಾನು ಬಂದಿಲ್ಲ, ಪರಿಹಾರ ಕೇಳಲು ಬಂದಿಲ್ಲ. ನನ್ನ ಅಕ್ಕನನ್ನು ಬಿಡಿಸಿಕೊಂಡು ಹೋಗಲು ಬಂದಿದ್ದೇನೆ. ನಿಮ್ಮ ಆಮಂತ್ರಣಕ್ಕೆ ಒಪ್ಪಿದ್ದು ಅದೊಂದಕ್ಕೇ. ಆ ಮೇಜಿನ ಕಾಲಿನ ಹತ್ತಿರ ಸುಟ್ಟ ಕಲೆ ಇದೆ, ನಾನು ಅದನ್ನು ಎಲ್ಲಿದ್ದರೂ ಗುರುತಿಸುತ್ತೇನೆ. ಭಾಷಣಕ್ಕೆ ಮೊದಲು ನಾನು ಬಗ್ಗಿ ಅದರ ಕೆಳಗೆ ಏನೋ ಇಟ್ಟೆ, ನೋಡಿದಿರಾ? ಅವಳ ಚಪ್ಪಲಿ. ಅವಳನ್ನು ಎತ್ತಿಕೊಂಡು ಹೋದವರು ಅದನ್ನು ಬಿಟ್ಟುಹೋಗಿದ್ದರು. ಇಷ್ಟು ವರ್ಷ ನನ್ನ ಮಂಚದ ಕೆಳಗಿತ್ತು.

ನಿಯಮ ನಾನು ಮಾಡಿದ್ದಲ್ಲ, ನಿಮ್ಮದೇ. ಯಾರು ಅಭ್ಯಾಸ ಮಾಡಿದರೋ ಅವರೇ ಹೇಳಬೇಕು. ನಾನು ಲಕ್ಷ ಸಲ ಹೇಳಿದೆ, ಅವಳು ಏಳಲಿಲ್ಲ. ಎರಡೇ ಮಾತು ಅಧ್ಯಕ್ಷರೇ. ಎದ್ದು ಅಲ್ಲಿಗೆ ಹೋಗಿ. ಭುಜ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ, ಹೊದಿಕೆಯೇ ತೋರಿಸುತ್ತಿದೆ. ಹೂವು ಪಕ್ಕಕ್ಕಿಡಿ. ಮುಟ್ಟಿ.

ತಣ್ಣಗಿದೆಯೇ? ಏಸಿ ರೂಮಿನಲ್ಲಿ ಬಿಸಿ ಇರುತ್ತದೆಯೇ?

ಹೇಳಿ.

ಕೇಳಿಸಲಿಲ್ಲ. ಮೈಕ್ ಕೊಡಿ ಅವರಿಗೆ.

ಹೇಳಿದರು. ನೀವೆಲ್ಲ ಕೇಳಿದ್ದೀರಿ ಸಭಿಕರೇ, ನೀವೇ ಸಾಕ್ಷಿ. ಅವರನ್ನು ಕುರ್ಚಿಗೆ ಕೂರಿಸಿ. ಯಾರೂ ಏಳಬೇಡಿ, ಫೋಟೋ ತೆಗೆಯಬೇಡಿ. ಚಪ್ಪಲಿ ಮೆಟ್ಟಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕು, ಎಡಗಾಲಿನದು ಕಟ್ಟಿಕೊಳ್ಳಬೇಕು. ನಡುವಿನ ದಾರಿಯಲ್ಲಿ ಬ್ಯಾಗು ಇಟ್ಟಿರುವವರು ದಯವಿಟ್ಟು ಒಳಗೆ ಎಳೆದುಕೊಳ್ಳಿ.

ಕೇಳುತ್ತಿದೆಯಲ್ಲ? ಒಂದು ಕಾಲು, ಆಮೇಲೆ ಇನ್ನೊಂದು. ಮೆಟ್ಟಿಲು ಇಳಿದಳು. ಹೋಗಕ್ಕಾ. ನೋಡಿಕೊಂಡು ಹೋಗು.

ಬಾಗಿಲ ಹತ್ತಿರ ನಿಂತಿರುವ ಅಣ್ಣ, ಎರಡೂ ಕದ ತೆಗೆದು ಹಿಡಿದುಕೊಳ್ಳಿ. ಹಿಡಿದುಕೊಂಡೇ ಇರಿ. ಇನ್ನೊಂದು ಚೂರು. ಇನ್ನೊಂದು ಚೂರು.

ಹಾಂ. ಇನ್ನು ಬಿಡಬಹುದು.

ಮಗಳೇ, ನಾಳೆ ಬೆಳಗ್ಗೆ ಫೋನ್ ಮಾಡಬೇಡ. ಏಳುತ್ತೇನೋ ಇಲ್ಲವೋ ನೋಡೋಣ.

ಬಾಗಿಲು ಹಿಡಿದ ಅಣ್ಣನಿಗೆ, ದಾರಿ ಬಿಟ್ಟ ನಿಮಗೆ, ಪಕ್ಕದವಳನ್ನು ಕೇಳಿಸಿಕೊಂಡ ಈ ಹುಡುಗಿಗೆ, ತಡವಾಗಿಯಾದರೂ ಬಾಯಿಬಿಟ್ಟ ಅಧ್ಯಕ್ಷರಿಗೆ ನನ್ನ ವಂದನೆಗಳು. ಆಯ್ತು, ಏಳಿ ಎಲ್ಲರೂ. ನಮಸ್ಕಾರ.